ನೀರು ಹೊಕ್ಕ ಹಳೇ ಸಾಮಾನಿನ ಅಂಗಡಿ: ದೋಷ ಹುಡುಕುವ ಕ್ರಮ

ಮಲೆನಾಡಿನ ಹಂಚಿನ ಕಟ್ಟಡದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟವರು ಮಳೆಗಾಲದಲ್ಲಿ ಹೇಳುವ ದೂರು ಒಂದೇ: ‘ನೀರು ಬಂತು’. ಆ ನೀರು ಬರುವ ದಾರಿ ಮಾತ್ರ ನಾಲ್ಕು. ಮೇಲಿನಿಂದ ಸೋರುತ್ತದೆ, ನೆಲದಿಂದ ಏರುತ್ತದೆ, ಪಕ್ಕದಿಂದ ಒಸರುತ್ತದೆ, ಇಲ್ಲವೇ ಗಾಳಿಯಲ್ಲೇ ಬಂದು ಕೂರುತ್ತದೆ. ಯಾವ ದಾರಿ ಎಂದು ತಿಳಿಯದೆ ಹಂಚು ಬದಲಿಸಿದರೂ ಗೋಡೆಗೆ ಬಣ್ಣ ಬಳಿದರೂ ದುಡ್ಡು ಹೋಗುತ್ತದೆ, ಬೂಷ್ಟು ಉಳಿಯುತ್ತದೆ. ಒಂದೇ ಅಂಗಡಿಯಲ್ಲಿ ಎರಡು ಮೂರು ದಾರಿಯ ನೀರು ಒಟ್ಟಿಗೆ ಇರುವುದೂ ಉಂಟು. ಒಂದನ್ನು ನಿಲ್ಲಿಸಿದಾಗ ಇನ್ನೊಂದು ಕಾಣಿಸುತ್ತದೆ. ಜನ ಅದನ್ನು ‘ರಿಪೇರಿ ಸರಿ ಆಗಿಲ್ಲ’ ಎಂದುಕೊಳ್ಳುತ್ತಾರೆ.

ಉದಾಹರಣೆಗೆ ಶಿವಮೊಗ್ಗದ ಹಳೇ ಪೇಟೆಯ ಗಲ್ಲಿಯೊಂದರ ಅಂಗಡಿಯನ್ನೇ ಇಟ್ಟುಕೊಳ್ಳುತ್ತೇನೆ. ಮುಂದೆ ಅಂಗಡಿ, ಹಿಂದೆ ಒಂದು ಕತ್ತಲೆ ಕೋಣೆ, ಮೇಲೆ ಅಟ್ಟ. ಜಂಬಿಟ್ಟಿಗೆ ಗೋಡೆ, ಮಂಗಳೂರು ಹಂಚು, ನೆಲಕ್ಕೆ ಕಡಪ ಕಲ್ಲು. ಸರಕು ಎಂದರೆ ವಾಲ್ವ್ ರೇಡಿಯೊ, ಗೋಡೆ ಗಡಿಯಾರ, ಗ್ರಾಮಾಫೋನ್ ರೆಕಾರ್ಡು, ಬೀಟೆ ಕುರ್ಚಿ, ಹಿತ್ತಾಳೆ ಪಾತ್ರೆ, ಚೌಕಟ್ಟು ಹಾಕಿದ ಫೋಟೊ. ನಾನು ಅಲ್ಲಿಗೆ ಹೋಗುವುದು ರೇಡಿಯೊ, ಗಡಿಯಾರದ ಕೆಲಸಕ್ಕೆ. ಪುನರ್ವಸು ಮಳೆ ಜಡಿಯುತ್ತಿದ್ದಾಗ ಅಂಗಡಿಯ ಅಕ್ಕ ಫೋನು ಮಾಡಿದರು: “ಹಂಚಿನೋರು ಬಂದು ಎಲ್ಲಾ ಕೈಯಾಡಿಸಿ ಹೋದ್ರು ಮಾರಾಯ. ಆದ್ರೂ ಹಿಂದಿನ ಗೋಡೆ ಒಣಗ್ತಾ ಇಲ್ಲ. ಕಪಾಟಿನೊಳಗೆಲ್ಲ ಬೂಷ್ಟು.” ಹಂಚಿನವರ ಮೇಲೆ ಅವರಿಗೆ ಸಿಟ್ಟಿತ್ತು. ಆ ಸಿಟ್ಟಿಗೆ ಕಾರಣವಿರಲಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಮೊದಲು ಕರೆಂಟು

ನೆಲದಲ್ಲಿ ನೀರು ನಿಂತಿದ್ದರೆ ಅಥವಾ ಸ್ವಿಚ್‌ಬೋರ್ಡಿರುವ ಗೋಡೆ ಒದ್ದೆಯಾಗಿದ್ದರೆ ಮೇನ್ ಆಫ್ ಮಾಡದೆ ಒಳಗೆ ಕಾಲಿಡಬೇಡಿ. ಮೇನ್ ಸ್ವಿಚ್ಚೇ ಒದ್ದೆ ಜಾಗದಲ್ಲಿದ್ದರೆ ಅದನ್ನು ಮುಟ್ಟದೆ ಮೆಸ್ಕಾಂನವರನ್ನು ಕರೆಸಿ. ನೀರು ಇಳಿದ ಮೇಲೂ, ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಅದು ಹಾಳಾಗಿದೆ ಎಂದು ಬೈಪಾಸ್ ಮಾಡಿಸುವ ಬುದ್ಧಿವಂತರಿದ್ದಾರೆ. 30 ಮಿಲಿಆಂಪಿಯರ್ ಸೋರಿದರೆ ಬೀಳುವುದೇ ಅದರ ಕೆಲಸ. ಒಂದೊಂದು ಲೈನಿಗೂ ಇರುವ ಎಂಸಿಬಿ ಸ್ವಿಚ್ಚುಗಳನ್ನೆಲ್ಲ ಕೆಳಗಿಳಿಸಿ, ಆರ್‌ಸಿಸಿಬಿ ಮೇಲೆತ್ತಿ, ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಆ ಲೈನಿನಲ್ಲಿ ನೀರಿರುವ ಸಾಧ್ಯತೆ ಹೆಚ್ಚು. ಈ ಪರೀಕ್ಷೆಯಿಂದ ಇನ್ನೊಂದು ಲಾಭ: ಆ ಲೈನಿನ ವೈರಿನ ಪೈಪು ಗೋಡೆಯಲ್ಲಿ ಎಲ್ಲಿ ಹಾದುಹೋಗಿದೆಯೋ ಅಲ್ಲಿ ತೇವ ಒಳಗೇ ಇದೆ ಎಂಬ ಸುಳಿವೂ ಸಿಗುತ್ತದೆ.

ಇನ್ನೊಂದು ಮಾತು. ಏನನ್ನೂ ತೊಳೆಯುವ, ಒರೆಸುವ ಮೊದಲು ಫೋಟೊ ತೆಗೆದಿಡಿ. ಕಲೆಯ ಆಕಾರವೇ ಮುಂದಿನ ಪತ್ತೆಗೆ ಸಾಕ್ಷಿ. ವಿಮೆ ಇದ್ದರೆ ಅಲ್ಲಿಗೂ ಅದೇ ಬೇಕು.

ಯಾವ ನೀರು?

ಮೇಲಿನ ನೀರು ಮಳೆಯ ಜೊತೆಗೇ ಬರುತ್ತದೆ, ಮಳೆ ನಿಂತ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಗೋಡೆಯ ಮೇಲೆ ನಾಲಗೆಯಂತೆ ಕೆಳಗಿಳಿದ ಕಂದು ಗೆರೆ ಬಿಡುತ್ತದೆ. ಹನಿ ಬಿದ್ದ ಜಾಗದ ನೇರ ಮೇಲೆ ತೂತು ಹುಡುಕಿದರೆ ಸಿಗುವುದಿಲ್ಲ. ಒಳಹೊಕ್ಕ ನೀರು ಹಂಚು ಕೂರುವ ಪಟ್ಟಿಯಾದ ರೀಪಿನ ಮೇಲೋ ಅದನ್ನು ಹೊತ್ತ ಪಕಾಸಿನ ಅಡಿಯಲ್ಲೋ ಇಳಿಜಾರಾಗಿ ಹರಿದು, ಗಂಟೋ ಮೊಳೆಯೋ ಸಿಕ್ಕಲ್ಲಿ ಹನಿಯುತ್ತದೆ. ಹಾಗಾಗಿ ಹುಡುಕುವುದು ಹನಿಯಿಂದ ಮೇಲಕ್ಕೆ, ಇಳಿಜಾರಿನ ಎದುರು ದಿಕ್ಕಿಗೆ. ಮಳೆ ಬರುವಾಗಲೇ ಟಾರ್ಚ್ ಹಿಡಿದು ಅಟ್ಟ ಹತ್ತಿ ಒದ್ದೆ ಗೆರೆಯ ಆರಂಭಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು. ಬಿಸಿಲಿರುವಾಗ ಹತ್ತಿದರೆ ಬೆಳಕಿನ ಚುಕ್ಕಿಗಳು ಕಾಣುತ್ತವೆ, ಅದೂ ಒಳ್ಳೆಯದೇ. ಆದರೆ ಬೆಳಕು ಬರುವಲ್ಲೆಲ್ಲ ನೀರು ಬರುವುದಿಲ್ಲ, ಬೆಳಕು ಬಾರದ ಕಡೆಯೂ ನೀರು ಬರುತ್ತದೆ. ಹಂಚಿನ ಮೇಲೆ ಹಂಚು ಕೂರುವ ಜಾಗದಲ್ಲಿ ಪಾಚಿ ಕಟ್ಟಿಕೊಂಡರೆ ನೀರು ಅದರೊಳಗೆ ಏರಿ ಈಚೆ ಇಳಿಯುತ್ತದೆ. ಹಂಚು ಒಡೆದಿಲ್ಲ, ಸರಿದಿಲ್ಲ, ಆದರೂ ಸೋರುತ್ತದೆ. ಮಂಗಗಳ ಕಾಟ ಇರುವ ಕಡೆ ಸರಿದ ಹಂಚಿನಿಂದ ಸೋರುತ್ತದೆ. ಮಾಡಿನ ಎರಡು ಇಳಿಜಾರು ಸೇರುವ ದೋಣಿಯಲ್ಲಿ ಎಲೆ ಕಟ್ಟಿದರೆ ನೀರು ಪಕ್ಕಕ್ಕೆ ಉಕ್ಕುತ್ತದೆ. ಅಕ್ಕನ ಅಂಗಡಿಯಲ್ಲಿ ಇದ್ದದ್ದು ಈ ಕೊನೆಯದು. ಹಂಚಿನವರು ದೋಣಿ ಚೊಕ್ಕ ಮಾಡಿ, ಪಾಚಿ ಕೆರೆದು ಸರಿಯಾಗಿಯೇ ಕೆಲಸ ಮಾಡಿದ್ದರು. ಅಟ್ಟ ಒಣಗಿತ್ತು. ಆದರೂ ಹಿಂದಿನ ಗೋಡೆಯ ಬುಡ ಒಣಗಿರಲಿಲ್ಲ ಎಂದರೆ ಅದು ಬೇರೆ ನೀರು.

ನೆಲದಿಂದ ಏರುವ ನೀರಿಗೆ ಮಳೆಯ ಗಡಿಯಾರ ಗೊತ್ತಿಲ್ಲ. ಅದು ತಿಂಗಳುಗಟ್ಟಲೆ ಇರುತ್ತದೆ. ಗೋಡೆಯ ಬುಡದಿಂದ ಸುಮಾರು ಒಂದು ಮೀಟರಿನವರೆಗೆ ಏರಿ, ಅಲ್ಲಿ ಏರುಪೇರಾದ ಅಡ್ಡಗೆರೆ ಬಿಡುತ್ತದೆ. ಗೆರೆಯ ಹತ್ತಿರ ಬಿಳಿ ಉಪ್ಪು ಹೂವಿನಂತೆ ಅರಳಿರುತ್ತದೆ, ಗಾರೆ ಪುಡಿಯಾಗಿ ಉದುರುತ್ತದೆ. ಈ ಬಿಳಿಯನ್ನು ಬೂಷ್ಟು ಎಂದು ಭಾವಿಸಿ ಬ್ಲೀಚಿಂಗ್ ಪೌಡರ್ ಹಚ್ಚುವವರಿದ್ದಾರೆ. ಒಂದು ಹನಿ ನೀರು ಹಾಕಿ ನೋಡಿ: ಉಪ್ಪಾದರೆ ಕರಗಿ ಮಾಯವಾಗುತ್ತದೆ, ಬೂಷ್ಟಾದರೆ ಮುದ್ದೆಯಾಗಿ ಅಲ್ಲೇ ಇರುತ್ತದೆ.

ನೆರೆಯ ನೀರು ಇದರ ಇನ್ನೊಂದು ರೂಪ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಊರಿನ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ಶಿವಮೊಗ್ಗದವರು ಮರೆತಿಲ್ಲ. ಗಾಜನೂರಿನಲ್ಲಿ ನೀರು ಬಿಟ್ಟರೆಂದರೆ, ಕೋರ್ಪಲಯ್ಯ ಛತ್ರದ ಹತ್ತಿರದ ಮಂಟಪ ಮುಳುಗಿತೆಂದರೆ ಅರ್ಧ ಊರು ನೋಡಲು ಹೋಗುತ್ತದೆ. ಹೊಳೆಬದಿಯಲ್ಲಿ ಅಂಗಡಿ ಇದ್ದವರು ಆಗ ಸಾಮಾನು ಅಟ್ಟಕ್ಕೆ ಏರಿಸುವುದು ವಾಸಿ. ನೆರೆಯ ಗುರುತು ನಾಲ್ಕೂ ಗೋಡೆಗೆ ಒಂದೇ ಮಟ್ಟದಲ್ಲಿರುತ್ತದೆ, ಕೆಸರಿರುತ್ತದೆ. ಆ ನೀರಿನಲ್ಲಿ ಚರಂಡಿಯೂ ಬೆರೆತಿರುವುದರಿಂದ ಕೈಗವಸು, ಗಂಬೂಟು ಇಲ್ಲದೆ ಮುಟ್ಟಬಾರದು. ಹತ್ತಿ ತುಂಬಿದ ಹಾಸಿಗೆ, ಕುಷನ್ನು ಅದರಲ್ಲಿ ನೆನೆದರೆ ಉಳಿಸುವ ಆಸೆ ಬಿಡಬೇಕು. ಕಡಪ ಕಲ್ಲಿನ ಸಂದಿಯಲ್ಲಿ ಕೆಸರು ನಿಂತಿದ್ದರೆ ಮೇಲೆ ಎಷ್ಟು ಒರೆಸಿದರೂ ವಾಸನೆ ಹೋಗುವುದಿಲ್ಲ. ಒಂದು ಕಲ್ಲು ಎಬ್ಬಿಸಿ ನೋಡಿದರೆ ಗೊತ್ತಾಗುತ್ತದೆ.

ಪಕ್ಕದ ನೀರೇ ಕಳ್ಳ. ನಲ್ಲಿ ಪೈಪು ಒಡೆದಿದ್ದರೆ ಮಳೆ ಇಲ್ಲದಾಗಲೂ ಗೋಡೆ ಒದ್ದೆ ಇರುತ್ತದೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಪೈಪಿನ ದೋಷ. ಅಕ್ಕನ ಅಂಗಡಿಯಲ್ಲಿ ಮಟ್ಟ ಇಳಿದಿರಲಿಲ್ಲ. ಆದರೆ ಗೋಡೆಯ ಒದ್ದೆ ಮಳೆ ನಿಂತ ಮಾರನೆಯ ದಿನ ಹೆಚ್ಚುತ್ತಿತ್ತು, ಮಳೆ ಹೊಳವಾದಾಗ ನಿಧಾನ ಇಳಿಯುತ್ತಿತ್ತು. ಮಾಡಿನ ಸೋರಿಕೆ ಇಷ್ಟು ತಡ ಮಾಡುವುದಿಲ್ಲ. ಹಿಂದೆ ಒಂದು ಆರ್‌ಸಿಸಿ ಕಟ್ಟಡ, ನಡುವೆ ಕೈ ತೂರದಷ್ಟು ಸಂದಿ. ಅವರ ತಾರಸಿಯ ನೀರಿಳಿಯುವ ಪೈಪು ಆ ಸಂದಿಯೊಳಗೆ ಹೋಗುತ್ತಿತ್ತು, ಕೆಳಗೆ ಎಲ್ಲಿ ಮುಗಿಯುತ್ತದೆಂದು ಯಾರಿಗೂ ಕಾಣದು.

ಇಂಥ ಕಡೆ ವಾದ ಮಾಡಿ ಫಲವಿಲ್ಲ, ಬಣ್ಣ ಹಾಕಿ ನೋಡಬೇಕು. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ, ಪಕ್ಕದವರನ್ನು ಕೇಳಿಯೇ, ಅವರ ತಾರಸಿಯ ಪೈಪಿಗೆ ಹೊಯ್ದು, ಹಿಂದಿನಿಂದ ಕೆಲವು ಬಕೆಟ್ ಬರಿ ನೀರು ಬಿಟ್ಟೆವು. ಗೋಡೆಯ ಬುಡಕ್ಕೆ ಬಿಳಿ ಕಾಗದದ ಕರವಸ್ತ್ರ ಒತ್ತಿಟ್ಟಿದ್ದೆವು. ಅದು ನೀಲಿಯಾಯಿತು. ಪಕ್ಕದ ಮನೆಯ ಯಜಮಾನರು ಕಣ್ಣಾರೆ ನೋಡಿದ್ದರಿಂದ, “ಹೌದಲ್ಲಾ, ಪೈಪು ತುಂಡಾಗಿರಬೇಕು” ಎಂದು ಪ್ಲಂಬರನ್ನು ತಾವೇ ಕರೆಸಿದರು. ಬರಿ ಬಾಯಲ್ಲಿ ಹೇಳಿದ್ದರೆ ಈ ವಿಷಯ ಬೇಲಿ ಜಗಳವಾಗುತ್ತಿತ್ತು.

ಗಾಳಿಯ ನೀರು

ನಾಲ್ಕನೆಯದಕ್ಕೆ ಕಲೆಯೂ ಇಲ್ಲ, ಗೆರೆಯೂ ಇಲ್ಲ. ಕಪಾಟಿನ ಹಿಂಬದಿ, ಚರ್ಮದ ಪೆಟ್ಟಿಗೆ, ಫೋಟೊದ ಗಾಜಿನ ಒಳಮೈ, ರೇಡಿಯೊದ ಬೆನ್ನಟ್ಟೆ (ಹಿಂಬದಿಯ ರಟ್ಟು), ಹೀಗೆ ಗಾಳಿಯಾಡದ ಕಡೆಯೆಲ್ಲ ಸಮನಾಗಿ ಬೂಷ್ಟು. ನೀರು ಒಂದು ಹನಿಯೂ ಬೀಳದ ಅಂಗಡಿಯಲ್ಲೂ ಇದು ಬರುತ್ತದೆ. ಗಾಳಿಯ ತೇವಾಂಶ ಶೇ. 65–70 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಸಾಕು. ಆಷಾಢ, ಶ್ರಾವಣದಲ್ಲಿ ನಮ್ಮಲ್ಲಿ ಶೇ. 90 ಸಾಮಾನ್ಯ. ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಕಡೆಯವರ ಪಾಡು ಕೇಳುವುದೇ ಬೇಡ.

ಗೋಡೆಯೊಳಗಿನ ನೀರೋ ಗಾಳಿಯ ನೀರೋ ಎಂದು ತೀರ್ಮಾನಿಸಲು ಒಂದು ಅಗ್ಗದ ಪರೀಕ್ಷೆ ಇದೆ. ಒಂದಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಗೋಡೆ ಬದಿಗೆ ಹನಿ ಕಟ್ಟಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಕೋಣೆಯ ಬದಿಗೆ ಹನಿ ಇದ್ದರೆ ಗಾಳಿಯದು. ಎರಡೂ ಕಡೆ ಇದ್ದರೆ, ಅಕ್ಕನ ಅಂಗಡಿಯಲ್ಲಿ ಇದ್ದಂತೆ, ಎರಡೂ ರೋಗ ಇವೆ. ಟೇಪ್ ಹಿಡಿಯದಷ್ಟು ಗೋಡೆ ಒದ್ದೆಯಾಗಿದ್ದರೆ ಪರೀಕ್ಷೆಯೇ ಬೇಡ.

ತೇವಾಂಶ ಅಳೆಯುವ ಡಿಜಿಟಲ್ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಗ್ಗದ್ದು ಸುಳ್ಳು ಹೇಳುವುದುಂಟು, ಪರೀಕ್ಷಿಸಿಕೊಳ್ಳಿ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಷ್ಟು ಮಾತ್ರ ನೀರು ಬೆರೆಸಿ ಕೆಸರಿನಂತೆ ಮಾಡಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 80 ತೋರಿಸಿದರೆ ಮುಂದೆ ಓದುವಾಗಲೆಲ್ಲ 5 ಕಳೆಯಿರಿ.

ಒಣಗಿಸುವುದರಲ್ಲಿ ಆಗುವ ಎಡವಟ್ಟು

ಬಯಲುಸೀಮೆಯವರು ಬರೆದ ಸಲಹೆಗಳೆಲ್ಲ ‘ಕಿಟಕಿ ಬಾಗಿಲು ತೆರೆದಿಡಿ, ಫ್ಯಾನ್ ಹಾಕಿ’ ಎಂದು ಶುರುವಾಗುತ್ತವೆ. ಜುಲೈ ತಿಂಗಳ ಮಲೆನಾಡಿನಲ್ಲಿ ಕಿಟಕಿ ತೆರೆದರೆ ಒಳಗೆ ಬರುವುದು ಶೇ. 90ರ ಗಾಳಿ. ನೆಲದಲ್ಲಿ ನೀರು ಕಾಣುವಷ್ಟು ಒದ್ದೆ ಇರುವ ತನಕ ಫ್ಯಾನಿನಿಂದ ಉಪಯೋಗವಿದೆ. ಆಮೇಲೆ ಅದು ತೇವವನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತದೆ ಅಷ್ಟೆ.

ಎರಡು ಉಪಾಯ ಉಳಿಯುತ್ತವೆ. ಒಂದು, ಕೋಣೆ ಮುಚ್ಚಿ ಡಿಹ್ಯುಮಿಡಿಫೈಯರ್ ಓಡಿಸುವುದು. ಕಂಪ್ರೆಸರ್ ಇರುವುದೇ ಬೇಕು. ಮೇಜಿನ ಮೇಲಿಡುವ ಪುಟ್ಟ ಡಬ್ಬಿಗಳು ಒಂದು ಕಪಾಟಿಗೆ ಸರಿ, ಕೋಣೆಗೆ ಏನೂ ಸಾಲವು. ಇನ್ನೊಂದು ಉಪಾಯ ಶಾಖ. 25 ಡಿಗ್ರಿಯ, ಶೇ. 90 ತೇವಾಂಶದ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ, ಅದೇ ಗಾಳಿಯ ತೇವಾಂಶ ಶೇ. 67ರ ಹತ್ತಿರ ಇಳಿಯುತ್ತದೆ. ಬರಿ 5 ಡಿಗ್ರಿ. ನಮ್ಮ ಹಿರಿಯರು ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನು ಇಟ್ಟು ಮಳೆಗಾಲ ಕಳೆದದ್ದು ಈ ಲೆಕ್ಕದ ಮೇಲೆಯೇ. ಹಾಗೆಂದು ಅಂಗಡಿಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿದರೆ ಇಂಗಾಲದ ವಿಷಾನಿಲದಿಂದ ಜೀವಕ್ಕೇ ಅಪಾಯ. ಗ್ಯಾಸ್ ಒಲೆ ಉರಿದರೆ ಅದೂ ನೀರಾವಿ ಬಿಡುತ್ತದೆ. ಕಪಾಟಿಗೆ ಹಳೇ ಕಾಲದ 60 ವಾಟಿನ ತಂತಿ ಬಲ್ಬು, ಸಾಮಾನಿಗೆ ತಾಗದಂತೆ ಕೆಳಗೆ ಹಾಕಿದರೆ ಸಾಕು. ಎಲ್‌ಇಡಿ ಬಿಸಿಯಾಗದ್ದರಿಂದ ಇದಕ್ಕೆ ಆಗದು. ‘ಅಡಕೆ ಡ್ರೈಯರಿಗೆ ಕುರ್ಚಿ ಹಾಕಲಾ?’ ಎಂದು ಒಬ್ಬರು ಗಂಭೀರವಾಗಿಯೇ ಕೇಳಿದ್ದರು. ಬೇಡ. ಅಡಕೆಗೆ ಬೇಕಾದ ಶಾಖದಲ್ಲಿ ನೆನೆದ ಮರ ಸೀಳುತ್ತದೆ.

ಒಣಗಿತೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ಅಡುಗೆಮನೆಯ ತಕ್ಕಡಿಯಲ್ಲಿ ನೆನೆದ ಒಂದು ಪುಸ್ತಕವನ್ನೋ ಮರದ ಸಣ್ಣ ಡಬ್ಬಿಯನ್ನೋ ದಿನಾ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಆ ಕೋಣೆಯ ಗಾಳಿಗೆ ತಕ್ಕಷ್ಟು ಅದು ಒಣಗಿದೆ. ಮರದ ತೇವ ಅಳೆಯುವ ಮುಳ್ಳಿನ ಮೀಟರು ಇದ್ದವರು ಜುಲೈಯಲ್ಲಿ ಶೇ. 12 ಬರಲೆಂದು ಕಾಯಬೇಡಿ. ಶೇ. 90ರ ಗಾಳಿಯಲ್ಲಿ ಎಂದೂ ನೆನೆಯದ ಮರವೂ ಶೇ. 20ರ ಹತ್ತಿರ ನಿಲ್ಲುತ್ತದೆ. ನೆನೆಯದ ಕುರ್ಚಿಯೊಂದನ್ನು ಮೊದಲು ಅಳೆದು, ನೆನೆದದ್ದು ಆ ಅಂಕಿಗೆ ಬಂದರೆ ಸದ್ಯಕ್ಕೆ ಸಾಕು ಎನ್ನಬೇಕು.

ಗೋಡೆಯದ್ದು ಇನ್ನೂ ನಿಧಾನ. ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು ಲೆಕ್ಕ, ಅದೂ ನೀರಿನ ದಾರಿ ಮುಚ್ಚಿದ ಮೇಲೆ. ಜಂಬಿಟ್ಟಿಗೆಗೆ ಸುಣ್ಣದ ಗಾರೆ ಹೊಂದುತ್ತದೆ, ತೇವ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದು, ‘ವಾಟರ್‌ಪ್ರೂಫ್’ ಬಣ್ಣ ಹೊಡೆದರೆ ಒಳಗಿನ ನೀರಿಗೆ ಹೊರದಾರಿ ಇಲ್ಲದೆ ಇನ್ನೂ ಮೇಲಕ್ಕೆ ಏರುತ್ತದೆ. ಬಣ್ಣದ ಮಾತನ್ನು ಸಂಕ್ರಾಂತಿ ಕಳೆಯುವವರೆಗೆ ಎತ್ತಬೇಡಿ, ಆಗಲೂ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೊಮ್ಮೆ ಮಾಡಿಯೇ.

ಸಾಮಾನು: ಯಾವುದಕ್ಕೆ ಮೊದಲು ಕೈ ಹಾಕಬೇಕು

ಬೆಲೆಯ ಪ್ರಕಾರ ಎತ್ತಬೇಡಿ, ಕೆಡುವ ವೇಗದ ಪ್ರಕಾರ ಎತ್ತಿ. ಕಾಗದ, ಫೋಟೊ, ಬಟ್ಟೆಗಳಲ್ಲಿ ಎರಡು ಮೂರು ದಿನದೊಳಗೆ ಬೂಷ್ಟು ಶುರು. ವಾಚು, ಗಡಿಯಾರದ ಉಕ್ಕಿಗೆ ತುಕ್ಕು ಹಿಡಿಯಲು ಅದಕ್ಕಿಂತ ಕಡಿಮೆ ಸಾಕು. ಮರ ತಡೆಯುತ್ತದೆ. ಹಿತ್ತಾಳೆ, ಪಿಂಗಾಣಿ, ಭರಣಿಗಳನ್ನು ಕಡೆಗೆ ನೋಡಿದರೂ ನಡೆಯುತ್ತದೆ. ಅಂಗಡಿಗಳಲ್ಲಿ ನಡೆಯುವುದು ತಿರುಗುಮುರುಗು: ಹಿತ್ತಾಳೆ ಹಂಡೆ ಥಳಥಳ ಹೊಳೆಯುತ್ತಿರುತ್ತದೆ, ಆಲ್ಬಮ್ಮು ಮೂಲೆಯಲ್ಲಿ ಮುದ್ದೆಯಾಗಿರುತ್ತದೆ.

ಫೋಟೊ ಗಾಜಿಗೆ ಅಂಟಿದ್ದರೆ ಕೀಳಬೇಡಿ. ಚಿತ್ರವಿರುವ ಜೆಲಟಿನ್ ಪದರ ಗಾಜಿನ ಮೇಲೇ ಉಳಿದು ಬರಿ ಕಾಗದ ಕೈಗೆ ಬರುತ್ತದೆ. ಗಾಜು ಕೆಳಗಾಗಿ ಮಲಗಿಸಿ ಒಣಗಿಸಿ, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ. ಮಿರುಗುವ ಕಾಗದದ ಪುಸ್ತಕ, ಪತ್ರಿಕೆಗಳ ಹಾಳೆಗಳು ಒಣಗುವಾಗ ಒಂದಕ್ಕೊಂದು ಬೆಸೆದುಕೊಂಡು ಇಟ್ಟಿಗೆಯಾಗುತ್ತವೆ. ಅಷ್ಟನ್ನು ಒಟ್ಟಿಗೆ ನೋಡಲು ಕೈ ಸಾಲದಿದ್ದರೆ ಬೆಣ್ಣೆ ಕಾಗದದಲ್ಲಿ ಸುತ್ತಿ ಫ್ರೀಜರಿಗೆ ಹಾಕಿ. ಮೈನಸ್ 18 ಡಿಗ್ರಿಯಲ್ಲಿ ಬೂಷ್ಟು ಬೆಳೆಯದು, ಒಂದೊಂದಾಗಿ ತೆಗೆದು ಒಣಗಿಸಬಹುದು. ಓಲೆಗರಿ ಕಟ್ಟು ನೆನೆದಿದ್ದರೆ ನಾವು ನೀವು ಬಿಚ್ಚುವುದು ಬೇಡ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳನ್ನು ಕಾಪಾಡಿಕೊಂಡು ಬಂದವರಿದ್ದಾರೆ, ಅವರನ್ನು ಕೇಳಿ.

ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಅಕ್ಕನ ಅಂಗಡಿಯಲ್ಲಿ ಒಂದಿತ್ತು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದದ್ದು. ಅದಕ್ಕೆ ನೀರು ತಾಗಿಸುವಂತೆಯೇ ಇಲ್ಲ. ನೆರಳಲ್ಲಿ ಒಣಗಿಸಿ ಮೆತ್ತನೆ ಕುಂಚದಿಂದ ಬೂಷ್ಟು ಹಾರಿಸುವುದಷ್ಟೇ.

ಎಲ್ಲ ಬೂಷ್ಟನ್ನೂ ಅಂಗಡಿಯ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಒಳಗೆ ಕೊಡವಿದರೆ ನಾಳೆ ಇನ್ನೊಂದು ಕಪಾಟಿನಲ್ಲಿ ಏಳುತ್ತದೆ.

ಮರದ ಲಕ್ಷಣಗಳು

ಪಾಲಿಶ್ ಮೇಲೆ ಬಿಳಿ ಮಂಜು ಕವಿದಂತಿದ್ದರೆ ಬೆರಳಿನಿಂದ ಒರೆಸಿ. ಬಂದರೆ ಬೂಷ್ಟು. ಬಾರದಿದ್ದರೆ ಅರಗಿನ ಪಾಲಿಶ್ ಒಳಗೆ ತೇವ ಸಿಕ್ಕಿದೆ. ಕೆಲವು ವಾರ ಬಿಟ್ಟರೆ ಎಷ್ಟೋ ಸಲ ತಾನೇ ಹೋಗುತ್ತದೆ. ಹೋಗದಿದ್ದರೆ ಸ್ಪಿರಿಟ್ ಇದೆಯೋ ಇಲ್ಲವೋ ಎಂಬಷ್ಟು ತಾಗಿಸಿದ ಬಟ್ಟೆಯಲ್ಲಿ ಒಂದೇ ಎಳೆತ. ಮೊದಲು ಕಾಣದ ಮೂಲೆಯಲ್ಲಿ ಸ್ಪಿರಿಟ್ ಹನಿ ಇಟ್ಟು ನೋಡಿ, ಅಂಟಂಟಾದರೆ ಮಾತ್ರ ಅದು ಅರಗು.

ಮೊಳೆಯ ಸುತ್ತ ಕಪ್ಪು ಕಲೆ ಕಂಡರೆ ಬೂಷ್ಟೆಂದು ಉಜ್ಜಬೇಡಿ. ಮರದ ಒಗರೂ ಕಬ್ಬಿಣವೂ ನೀರಲ್ಲಿ ಸೇರಿ ಆದ ಮಸಿ ಅದು, ಆಕ್ಸಾಲಿಕ್ ಆಸಿಡ್ಡಿಗೆ ಮಾತ್ರ ಬಗ್ಗುತ್ತದೆ. ಅದು ವಿಷ, ಕೈಗವಸು ಬೇಕು. ಹೊನ್ನೆ ಮರದ ಪೆಟ್ಟಿಗೆ ನೆನೆದು ಸುಣ್ಣದ ಗೋಡೆಗೆ ಹಳದಿ ಬಿಟ್ಟಿದ್ದರೆ ಹೆದರಬೇಡಿ, ಹೊನ್ನೆಯ ಗುಣವೇ ಅದು.

ಕೀಲು ಸಡಿಲವಾದ ಹಳೇ ಕುರ್ಚಿಗೆ ಮೊಳೆ ಹೊಡೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದಿನ ಬಡಗಿಗಳು ಚರ್ಮ, ಮೂಳೆ ಕುದಿಸಿದ ಅಂಟು ಹಾಕುತ್ತಿದ್ದರು. ಅದು ನೀರಿಗೆ ಕರಗುತ್ತದೆ, ಹಾಗೆಯೇ ಮತ್ತೆ ಹಚ್ಚಿದರೆ ಹಿಡಿಯುತ್ತದೆ. ಬಿಸಿನೀರಿನ ಹನಿ ಇಟ್ಟಾಗ ಹಳೇ ಅಂಟು ಜಿಗುಟಾದರೆ ಆ ಕುರ್ಚಿ ಕೆಟ್ಟಿಲ್ಲ, ಬಿಚ್ಚಿ ಜೋಡಿಸುವುದಷ್ಟೇ ಬಾಕಿ. ಡ್ರಾಯರು ಬಿಗಿದುಕೊಂಡಿದ್ದರೆ ಈಗ ಹತ್ತರಿ ಹೊಡೆಸಬೇಡಿ. ಉಬ್ಬಿದ ಮರವನ್ನು ಈಗ ಕೆತ್ತಿದರೆ ಶಿವರಾತ್ರಿ ಹೊತ್ತಿಗೆ ಅದು ಗಡಗಡ ಅಲ್ಲಾಡುತ್ತದೆ.

ಮರದ ಅಡಿಗೆ ಕಪ್ಪು ಕಾಗದ ಹಾಸಿಡಿ. ಬೆಳಗಾಗುವಾಗ ತಿಳಿ ಬಣ್ಣದ ಪುಡಿ ಬಿದ್ದಿದ್ದರೆ ಕುಟ್ಟೆ ಹುಳ ಒಳಗೆ ಜೀವಂತ ಇದೆ. ಮಣ್ಣಿನ ಗೂಡಿನ ಗೆರೆ ಗೋಡೆಯಿಂದ ಬಂದಿದ್ದರೆ ಗೆದ್ದಲು. ಅದು ಬಂದ ದಾರಿಯೇ ತೇವದ ದಾರಿಯೂ ಆಗಿರುತ್ತದೆ.

ರೇಡಿಯೊ, ರೆಕಾರ್ಡು, ಗಡಿಯಾರ

ನೆನೆದ ವಾಲ್ವ್ ರೇಡಿಯೊವನ್ನು ‘ಹಾಡುತ್ತದಾ ನೋಡೋಣ’ ಎಂದು ಪ್ಲಗ್ ಚುಚ್ಚಿದವರೇ ಹೆಚ್ಚು. ಅಲ್ಲಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಸಾವಿರಗಳ ಮಾತಾಗುತ್ತದೆ. ಒಳಗೆ 200 ವೋಲ್ಟಿಗೂ ಮಿಕ್ಕಿ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಉಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ಟುಗಳಲ್ಲಿ ಬಿಡಿಭಾಗ ಕೂರಿಸಿದ ತಗಡಿನ ಚೌಕಟ್ಟಾದ ಚಾಸಿಗೇ ಕರೆಂಟು ಬರಬಹುದು. ಈ ಕೆಲಸ ಗೊತ್ತಿಲ್ಲದವರು ಬೆನ್ನಟ್ಟೆ ತೆಗೆದು ಗಾಳಿಗಿಟ್ಟು ಅಲ್ಲಿಗೆ ನಿಲ್ಲಿಸಬೇಕು.

ಗೊತ್ತಿರುವವರಿಗೆ ಕ್ರಮ ಹೀಗೆ. ಚಾಸಿ ಹೊರತೆಗೆದು ವಾರಗಟ್ಟಲೆ ಬೆಚ್ಚಗೆ ಒಣಗಿಸಿ. ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ: ಕೆಲವು ನೂರು ಓಮ್ ಬಂದರೆ ಬದುಕಿದೆ, ಏನೂ ಬಾರದಿದ್ದರೆ ಕೂದಲೆಳೆಯ ತಂತಿ ಕಿಲುಬು ಹಿಡಿದು ತುಂಡಾಗಿದೆ. ಸ್ಪೀಕರಿನ ಕಾಗದದ ಕೋನನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ. ಗರಗರ ಕೆರೆದರೆ ಕಾಯಿಲ್ ತಾಗುತ್ತಿದೆ. ಮೇಣದ ಕಾಗದದ ಕೆಪಾಸಿಟರುಗಳನ್ನು ಪರೀಕ್ಷಿಸುವುದೇ ವ್ಯರ್ಥ, ಬದಲಿಸಿ. ಅದರಲ್ಲೂ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಒಂದು ಸೋರಿದರೆ ವಾಲ್ವೇ ಕೆಂಪಗೆ ಕಾದು ಸಾಯುತ್ತದೆ. ಕಡೆಗೆ 60 ಅಥವಾ 100 ವಾಟಿನ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಕರೆಂಟು ಕೊಡಿ. ಬಲ್ಬು ಒಮ್ಮೆ ಹೊತ್ತಿ ಮಂಕಾದರೆ ಸರಿ, ಪ್ರಕಾಶಮಾನವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೆಯಿರಿ.

ಡಯಲ್ ಗಾಜಿನ ಹಿಂಬದಿಯನ್ನು ಒರೆಸಲೇಬೇಡಿ. ಸ್ಟೇಷನ್ನುಗಳ ಹೆಸರು ಅಚ್ಚಾಗಿರುವುದು ಅಲ್ಲೇ. ಒದ್ದೆ ಬಟ್ಟೆ ತಾಗಿದರೆ ‘ಸಿಲೋನ್’ ಬಟ್ಟೆಗೆ ಬರುತ್ತದೆ. ಅದಿಲ್ಲದ ಸೆಟ್ಟಿಗೆ ಗಿರಾಕಿ ಅರ್ಧ ಬೆಲೆಯೂ ಕೊಡುವುದಿಲ್ಲ.

78 ಆರ್‌ಪಿಎಂ ರೆಕಾರ್ಡುಗಳು ಅರಗಿನವು. ಬೂಷ್ಟು ತೆಗೆಯಲು ಸ್ಪಿರಿಟ್ ಹಾಕಿದರೆ ಹಾಡೇ ಕರಗುತ್ತದೆ. ಸ್ಪಿರಿಟ್ ತಡೆಯುವುದು ಆಮೇಲಿನ ವಿನೈಲ್ ಮಾತ್ರ. ಅರಗಿನವನ್ನು ತಣ್ಣೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆ ಬಟ್ಟೆಯಲ್ಲಿ, ನಡುವಿನ ಲೇಬಲ್ ನೆನೆಯದಂತೆ ತೊಳೆಯಿರಿ. ಮೇಲೆ ಹೇಳಿದ ಬಲ್ಬಿನ ಕಪಾಟಿಗೆ ಇವನ್ನು ಇಡಬೇಡಿ, ಸೊಟ್ಟಗಾಗುತ್ತವೆ.

ಕೈಗಡಿಯಾರ ನೆನೆದಿದ್ದರೆ ಕೀಲಿ ಕೊಡಬೇಡಿ, ಅಕ್ಕಿಯಲ್ಲಿ ಹುಗಿಯಬೇಡಿ. ಹಿಂದಿನ ಮುಚ್ಚಳ ತೆರೆಸಿ ಅಂದೇ ವಾಚ್ ರಿಪೇರಿಯವರ ಕೈಗೆ ಕೊಡಿ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆಯ ಕೀಲಿ ವಾಚುಗಳಿಗೆ ಈಗ ಕೊಳ್ಳುವವರು ಹುಡುಕಿಕೊಂಡು ಬರುತ್ತಾರೆ. ತುಕ್ಕು ಹಿಡಿಸಿ ಕಳೆದುಕೊಳ್ಳುವ ಸರಕಲ್ಲ ಅದು. ಗೋಡೆ ಗಡಿಯಾರ ನಿಂತಿದ್ದರೆ ಮಾತ್ರ ಬಿಚ್ಚುವ ಮೊದಲು ಕಿವಿಗೊಡಿ. ಲೋಲಕ ಆಡಿಸಿದಾಗ ‘ಟಿಕ್’ ಮತ್ತು ‘ಟಾಕ್’ ನಡುವಿನ ಅಂತರ ಸಮವಿಲ್ಲದಿದ್ದರೆ ಯಂತ್ರ ಕೆಟ್ಟಿಲ್ಲ, ಪೆಟ್ಟಿಗೆ ವಾಲಿದೆ ಅಷ್ಟೆ. ನೆನೆದ ಗೋಡೆಯಲ್ಲಿ ಮೊಳೆ ಸಡಿಲಾಗಿ ಕೂದಲೆಳೆಯಷ್ಟು ಜರುಗಿದರೂ ಸಾಕು. ಸಮವಾಗಿದ್ದೂ ನಿಲ್ಲುತ್ತಿದ್ದರೆ ಆಗ ಎಣ್ಣೆ, ತುಕ್ಕು ನೋಡಬೇಕು, ಸ್ಪ್ರಿಂಗಿನ ಬಿಗಿ ಇಳಿಸಿಯೇ.

ಹಿತ್ತಾಳೆ, ತಾಮ್ರಕ್ಕೆ ಅಂಟವಾಳದ ನೀರು, ಒಣ ಬಟ್ಟೆ ಸಾಕು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಕಿಲುಬಿನ ಜೊತೆ ಹಳತನದ ಬಣ್ಣವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಕಬ್ಬಿಣದ ತೂಕದ ಬೊಟ್ಟು, ಸೇರು, ಪಾವುಗಳ ಮೇಲೆ ಮುದ್ರೆ ಇದ್ದರೆ ತಂತಿ ಬ್ರಶ್ ತಾಗಿಸಬೇಡಿ. 1956ರ ತೂಕ ಮತ್ತು ಅಳತೆ ಕಾಯ್ದೆ ಬಂದು ಕಿಲೋಗ್ರಾಂ ಜಾರಿಯಾಗುವ ಮುಂಚಿನವು ಎಂದು ಹೇಳಲು ಆ ಮುದ್ರೆ ಬಿಟ್ಟರೆ ಬೇರೆ ಆಧಾರ ಇರುವುದಿಲ್ಲ.

ವಿಮೆ ಮತ್ತು ಮಾರಾಟ

ಯಾವ ನೀರು ಎಂಬ ಪ್ರಶ್ನೆ ವಿಮೆಯಲ್ಲೂ ಮೊದಲು ಬರುತ್ತದೆ. 2021ರ ಏಪ್ರಿಲ್‌ನಿಂದ ಒಂದು ಜಾಗದ ಆಸ್ತಿ, ಸರಕಿನ ಒಟ್ಟು ಮೌಲ್ಯ 5 ಕೋಟಿ ರೂಪಾಯಿಯೊಳಗಿರುವ ಸಣ್ಣ ವ್ಯವಹಾರಗಳಿಗೆ ಇರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಬಿರುಗಾಳಿ, ನೆರೆ, ಪೈಪು ಟ್ಯಾಂಕು ಒಡೆದ ನೀರು ಸೇರಿವೆ. ವರ್ಷಗಟ್ಟಲೆ ಗೋಡೆಗೆ ಇಂಗಿದ ತೇವಕ್ಕೆ ಹಣ ಬರುವುದು ಕಷ್ಟ. ಹಳೇ ಕಲಾವಸ್ತುಗಳನ್ನು ಪಾಲಿಸಿಯಲ್ಲಿ ಬೇರೆಯಾಗಿ ಹೇಳಿ ಬರೆಸದಿದ್ದರೆ ತಕರಾರು ಬರುತ್ತದೆ. ನೀಲಿಯಾದ ಆ ಕಾಗದದ ಕರವಸ್ತ್ರವನ್ನು ಫೋಟೊ, ತಾರೀಖಿನ ಸಮೇತ ಫೈಲಿಗೆ ಹಾಕಿ ಎಂದು ಅಕ್ಕನಿಗೆ ಹೇಳಿದ್ದು ಅದಕ್ಕೇ.

ರಿಪೇರಿಯಾದ ಸಾಮಾನಿಗೆ ಚೀಟಿ ಕಟ್ಟಿ: ಯಾವಾಗ ನೆನೆಯಿತು, ಏನು ಬದಲಿಸಿದೆ, ಏನು ಬಾಕಿ. ರೇಡಿಯೊಗೆ ಹಾಕಿದ ಹೊಸ ಕೆಪಾಸಿಟರಿನ ವಿವರ ಇದ್ದರೆ ತಿಳಿದ ಗಿರಾಕಿ ಚೌಕಾಸಿ ಮಾಡುವುದಿಲ್ಲ. ಕಪಾಟುಗಳನ್ನು ಗೋಡೆಯಿಂದ ಮೂರು ಬೆರಳು, ನೆಲದಿಂದ ಅರ್ಧ ಅಡಿ ಬಿಟ್ಟು ಇಡಿ. ಪಕ್ಕದವರ ಪೈಪು ಸರಿಯಾದ ಮೇಲೂ ಅಕ್ಕನ ಹಿಂದಿನ ಕೋಣೆಯ ಮೀಟರು ಶೇ. 80ರ ಆಸುಪಾಸಿನಲ್ಲೇ ಇತ್ತು. ಅದು ಗಾಳಿಯ ನೀರು, ಡಿಹ್ಯುಮಿಡಿಫೈಯರ್ ತಂದ ಮೇಲೆ ಇಳಿಯಿತು. ಹಂಚಿನವರಿಗೆ ಬಾಕಿ ಇದ್ದ ಕೂಲಿಯನ್ನು ಅಕ್ಕ ಆಗ ಕೊಟ್ಟು ಮುಗಿಸಿದರು.